ಹಣಕಾಸು ಸಂದೇಶಗಳ ಎಂಜಿನ್‌ಗೆ ಯಾವ ಭಾಷೆ? ಮುಗಿಯದ ವಾದವೊಂದರ ಹಿನ್ನೆಲೆ

ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಬೆಳಿಗ್ಗೆ ಫೋನಿನಲ್ಲಿ ನೋಡುವ ಅರೇಬಿಕಾ ದರ ನ್ಯೂಯಾರ್ಕಿನದು, ರೋಬಸ್ಟಾ ದರ ಲಂಡನ್ನಿನದು. ಅಂಥ ಮಾರುಕಟ್ಟೆಗಳಲ್ಲಿ ದಲ್ಲಾಳಿಯ ಆದೇಶ ಹೊರಟು, ವ್ಯವಹಾರ ಕುದುರಿತೆಂಬ ಉತ್ತರ ಮರಳುವವರೆಗೆ ನಡೆಯುವುದೆಲ್ಲ ಸಂದೇಶಗಳ ಓಡಾಟ. ಅವನ್ನು ಕಳಿಸುವ, ತಪಾಸಣೆ ಮಾಡುವ, ಕಳೆದುಹೋದದ್ದನ್ನು ಮತ್ತೆ ಕೇಳಿ ಪಡೆಯುವ ತಂತ್ರಾಂಶವೇ ಸಂದೇಶ ಎಂಜಿನ್. ಅದನ್ನು ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಬೇಕೆಂಬ ವಾದ, ಹಾಸನದ ಮನೆಗಳಲ್ಲಿ ಕುಳಿತು ಕೆಲಸ ಮಾಡುವ ತಂತ್ರಜ್ಞರ ನಡುವೆಯೂ ಆಗಾಗ ಕಾವೇರುತ್ತದೆ.

1959ರಲ್ಲಿ ರೂಪುಗೊಂಡ ಕೋಬಾಲ್ ಭಾಷೆ ಬ್ಯಾಂಕುಗಳ ಲೆಕ್ಕ ಹಿಡಿಯಿತು, 1977ರಲ್ಲಿ ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುವ ಸ್ವಿಫ್ಟ್ ಜಾಲ ಕಾರ್ಯಾರಂಭ ಮಾಡಿತು, 1992ರಲ್ಲಿ ಅಮೆರಿಕದ ಹಣಕಾಸು ಸಂಸ್ಥೆಗಳಾದ ಫಿಡೆಲಿಟಿ ಮತ್ತು ಸಾಲೊಮನ್ ಬ್ರದರ್ಸ್ ನಡುವಿನ ಷೇರು ವ್ಯವಹಾರಕ್ಕೆಂದು ಫಿಕ್ಸ್ ಎಂಬ ಸಂದೇಶ ನಿಯಮಾವಳಿ ಹುಟ್ಟಿತು. ಫಿಕ್ಸ್ ಸಂದೇಶ ನೋಡಲು ಸರಳ: ಪ್ರತಿ ವಿವರಕ್ಕೂ ಒಂದು ಗುರುತಿನ ಸಂಖ್ಯೆ, ಸಮ ಚಿಹ್ನೆಯ ಮುಂದೆ ಅದರ ಮೌಲ್ಯ. 35=8 ಎಂದಿದ್ದರೆ ಅದು ಆದೇಶದ ಸ್ಥಿತಿಯ ವರದಿ; 34ರ ಮುಂದೆ ಕ್ರಮಸಂಖ್ಯೆ; ಕೊನೆಯ 10ರ ಮುಂದೆ, ಅದರ ಹಿಂದಿನ ಎಲ್ಲ ಬೈಟುಗಳನ್ನು (ಅಕ್ಷರಗಳನ್ನು ಸೂಚಿಸುವ ಸಂಖ್ಯೆಗಳನ್ನು) ಕೂಡಿ 256ರಿಂದ ಭಾಗಿಸಿದಾಗ ಉಳಿಯುವ ಶೇಷ. ಕ್ರಮಸಂಖ್ಯೆ 41ರ ಬೆನ್ನಿಗೆ 43 ಬಂದರೆ, 42 ತಪ್ಪಿದೆಯೆಂದು ಅರಿತು 35=2 ಕಳಿಸಿ ಅದನ್ನು ಕೇಳಬೇಕು.

ಮೊದಮೊದಲು ಎಂಜಿನ್ನಿಗೆ ಸಿ++ ಭಾಷೆಯೇ ಎಂಬುದರಲ್ಲಿ ಹೆಚ್ಚು ತಕರಾರಿರಲಿಲ್ಲ. ಗೊಂದಲ ಶುರುವಾದದ್ದು 1995ರಲ್ಲಿ ಬಂದ ಜಾವಾ ಭಾಷೆ ಬಲಿತ ಮೇಲೆ, ಮತ್ತು ನಾನು ಹತ್ತಿರದಿಂದ ಕಂಡದ್ದೂ ಆ ಘಟ್ಟವನ್ನೇ. ಸಿ++ನಲ್ಲಿ ಮೆಮೊರಿಯನ್ನು ಪಡೆಯುವುದು, ಬಿಡುವುದು ಬರೆಯುವವರ ಹೊಣೆ. ಒಂದು ಕಡೆ ಕೈತಪ್ಪಿದರೆ ಇಡೀ ಎಂಜಿನ್ ಬೀಳಬಹುದು. ಜಾವಾದಲ್ಲಿ ಆ ಕೆಲಸ, ಬಳಕೆ ಮುಗಿದ ಮೆಮೊರಿಯನ್ನು ತಾನೇ ಬಿಡಿಸುವ ಗಾರ್ಬೇಜ್ ಕಲೆಕ್ಟರಿನದು, ಆದರೆ ಅದು ಗುಡಿಸತೊಡಗಿದಾಗ ಉಳಿದ ಕೆಲಸವೆಲ್ಲ ನಿಲ್ಲುತ್ತಿತ್ತು. ನಾನಿದ್ದ ತಂಡವೊಂದರಲ್ಲಿ ವಹಿವಾಟು ಏರಿದ ಹೊತ್ತಿನಲ್ಲೇ ಈ ವಿರಾಮ ಸೆಕೆಂಡುಗಟ್ಟಲೆ ಹಿಗ್ಗಿ, ಆಚೆ ಬದಿಯ ಸಂದೇಶಗಳು ಸಾಲುಗಟ್ಟಿ ಕಾಯುತ್ತಿದ್ದವು. ಭಾಷೆ ಬದಲಿಸೋಣವೆಂಬ ಮಾತು ಬಂತು. ಕೊನೆಗೆ ಬದಲಿಸಿದ್ದು ಬರೆಯುವ ಕ್ರಮವನ್ನು: ಗುಡಿಸುವ ಕೆಲಸ ಕಡಿಮೆಯಾಗಲೆಂದು ಪ್ರತಿ ಸಂದೇಶಕ್ಕೂ ಹೊಸ ಸ್ಟ್ರಿಂಗುಗಳನ್ನು (ಅಕ್ಷರಸಾಲುಗಳನ್ನು) ಸೃಷ್ಟಿಸುವುದನ್ನು ಬಿಟ್ಟು, ಆರಂಭದಲ್ಲೇ ಕಾದಿರಿಸಿದ ಬೈಟ್ ಅರೇಗಳನ್ನೇ (ಬೈಟುಗಳ ಸಾಲುಗಳನ್ನೇ) ಮತ್ತೆ ಮತ್ತೆ ಬಳಸಿದೆವು. ಲಂಡನ್ನಿನ ಎಲ್‌ಮ್ಯಾಕ್ಸ್ ಎಂಬ ವಿನಿಮಯ ಕೇಂದ್ರ ತನ್ನ ಜಾವಾ ವ್ಯವಸ್ಥೆಯ ಒಂದೇ ಥ್ರೆಡ್ಡಿನಲ್ಲಿ (ಒಂದರ ಹಿಂದೊಂದು ಸಾಗುವ ಕೆಲಸದ ಸರಣಿಯಲ್ಲಿ) ಸೆಕೆಂಡಿಗೆ 60 ಲಕ್ಷ ಆದೇಶ ನಿಭಾಯಿಸುತ್ತದೆಂಬ ವಿವರ 2011ರಲ್ಲಿ ಹೊರಬಂದಾಗ, ಜಾವಾ ನಿಧಾನವೆಂಬ ಮಾತಿನ ಬಿಗಿ ಸಡಿಲವಾಯಿತು. ಆ ಹೊತ್ತಿಗೆ ಗೋ ಎಂಬ ಭಾಷೆ ಬಂದಾಗಿತ್ತು. 2015ರಲ್ಲಿ ಇನ್ನೊಂದು ಭಾಷೆಯಾದ ರಸ್ಟ್‌ನ ಮೊದಲ ಸ್ಥಿರ ಆವೃತ್ತಿಯೂ ಬಂದು, ಕಲೆಕ್ಟರ್ ಇಲ್ಲದೆಯೂ ಮೆಮೊರಿಯ ಸುರಕ್ಷತೆ ಸಾಧ್ಯವೆಂದು ತೋರಿತು.

ಈ ವೇಗದ ಚರ್ಚೆಯಲ್ಲಿ ಹಿಂದೆ ಸರಿದುಹೋದ ಸಂಗತಿಗಳೇ ಹೆಚ್ಚು ಕಾಡುವಂಥವು. ಸಂದೇಶದ ಉದ್ದವನ್ನು ಫಿಕ್ಸ್ ಬೈಟುಗಳಲ್ಲಿ ಎಣಿಸುತ್ತದೆ. ‘ಕಾಫಿ’ ಎಂಬ ಪದ ಕಣ್ಣಿಗೆ ಎರಡಕ್ಷರ, ಗುಣಿತ ಚಿಹ್ನೆಗಳನ್ನೂ ಬೇರೆಯಾಗಿ ಲೆಕ್ಕ ಹಿಡಿಯುವ ಜಾವಾದ ಎಣಿಕೆಯಲ್ಲಿ ಉದ್ದ 4, ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ 12 ಬೈಟು. ಕನ್ನಡಕ್ಕೆ ಅವಕಾಶವಿರುವ ಟಿಪ್ಪಣಿಯ ಜಾಗದಲ್ಲಿ ಈ ಪದವನ್ನಿಟ್ಟು 4 ಎಂದು ಎಣಿಸಿದರೆ ಉದ್ದದ ಲೆಕ್ಕ ತಪ್ಪಿ, ಆಚೆ ಬದಿಯ ಎಂಜಿನ್ ಆ ಸಂದೇಶವನ್ನು ಸ್ವೀಕರಿಸುವುದಿಲ್ಲ. ಹಣದ ಮೊತ್ತವೂ ಹಾಗೆಯೇ: ಸಂಖ್ಯೆಯನ್ನು ದ್ವಿಮಾನದಲ್ಲಿ ಇಡುವ ಡಬಲ್ ಎಂಬ ಬಗೆಯಲ್ಲಿ 0.1ಕ್ಕೆ 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ. ಕೋಬಾಲ್ ದಶಮಾಂಶವನ್ನು ದಶಮಾಂಶವಾಗಿಯೇ ಇಟ್ಟುಕೊಳ್ಳುತ್ತಿತ್ತು. ಬೇರೆ ಭಾಷೆಗಳಲ್ಲಿ ಪೈಸೆಯನ್ನು ಪೂರ್ಣಾಂಕವಾಗಿ ಹಿಡಿಯುವ ಎಚ್ಚರ ನಮ್ಮದಾಗಬೇಕು.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ಯುಪಿಎಸ್ ಕೈಕೊಟ್ಟ ಒಂದು ಸಂಜೆ ನಮ್ಮ ಪರೀಕ್ಷಾ ಸರ್ವರ್ ಆರಿಹೋಗಿ, ಮತ್ತೆ ಎದ್ದಾಗ ಕ್ರಮಸಂಖ್ಯೆ ಹಿಂದಕ್ಕೆ ಜಾರಿತ್ತು. ಫೈಲಿಗೆ ಬರೆದಿದ್ದೆವು, ಆದರೆ ಅದು ಡಿಸ್ಕಿಗೆ ಇಳಿಯುವಂತೆ ಎಫ್‌ಸಿಂಕ್ ಕರೆದಿರಲಿಲ್ಲ. ಅದನ್ನು ಸೇರಿಸಿದ ಮೇಲೆ ಪ್ಲಗ್ ಎಳೆದು, ಮತ್ತೆ ಹಾಕಿ ನೋಡಿದೆವು. ಎಂಜಿನ್ ಎದ್ದು, ನಿಲ್ಲಿಸಿದಲ್ಲಿಂದಲೇ 42ನ್ನು ಕೇಳಿತು.