ಬೆನ್ನುಮೂಳೆಗೆ ಸೂಜಿ ಹಾಕಿದ್ರೆ ಕಾಲು ಬಿದ್ದೋಗುತ್ತಾ?

ಬೆನ್ನುಮೂಳೆ ಬಯಾಪ್ಸಿ (ಸೂಜಿ ಹಾಕಿ ಮೂಳೆ ಚೂರು ತೆಗೆದು ಪರೀಕ್ಷೆ ಮಾಡೋದು) ಮಾಡ್ಬೇಕು ಅಂತ ಡಾಕ್ಟ್ರು ಹೇಳಿದ ತಕ್ಷಣ ಎಲ್ರ ತಲೇಲೂ ಬರೋದು ಒಂದೇ, ಸೂಜಿ ನರಕ್ಕೆ ತಾಗಿ ಕಾಲು ಬಿದ್ದೋದ್ರೆ ಏನ್ ಗತಿ ಅಂತ. ಭಯ ಪಡೋದು ತಪ್ಪಲ್ಲ. ಆದ್ರೆ ಸೂಜಿ ಯಾವ ದಾರೀಲಿ ಹೋಗುತ್ತೆ ಅಂತ ಗೊತ್ತಾದ್ರೆ ಅರ್ಧ ಭಯ ಇಳಿಯುತ್ತೆ.

ಎಂಆರ್‌ಐಲಿ ಎಲ್ಲಾ ಕಾಣುತ್ತಲ್ಲ, ಮತ್ಯಾಕೆ ಚುಚ್ಚೋದು ಅಂತೀರಾ? ಮೂಳೆ ಎಲ್ಲಿ ಹಾಳಾಗಿದೆ ಅಂತ ಅದು ಚೆನ್ನಾಗೇ ತೋರಿಸುತ್ತೆ, ಹಾಳು ಮಾಡಿದ್ದು ಯಾರು ಅಂತ ಕೇಳಿದ್ರೆ ಎಷ್ಟೋ ಸಲ ಕೈ ಎತ್ತಿಬಿಡುತ್ತೆ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶದಿಂದ ಹರಡಿದ ಕ್ಯಾನ್ಸರ್ ಇರಬಹುದು, ಟಿಬಿ ಇರಬಹುದು, ಬೇರೆ ಬ್ಯಾಕ್ಟೀರಿಯಾ ಇರಬಹುದು, ಒಂದಕ್ಕೆ ಕೊಡೋ ಔಷಧಿ ಇನ್ನೊಂದಕ್ಕೆ ನಾಟೋದಿಲ್ಲ.

ಈಗ ದಾರಿ ವಿಷ್ಯ. ಬೆನ್ನುಮೂಳೆಯ ಒಂದೊಂದು ಮಣೀಲೂ ಮುಂದೆ ಡ್ರಮ್ ತರ ದಪ್ಪ ಭಾಗ, ಹಿಂದೆ ಕಮಾನು, ನಡುವಿನ ತೂತಲ್ಲಿ ಬೆನ್ನುಹುರಿ (ಸೊಂಟದ ಕೆಳಭಾಗದಲ್ಲಿ ಅದರಿಂದ ಬರೋ ನರಗಳು). ಡ್ರಮ್ಮಿಗೂ ಕಮಾನಿಗೂ ಸೇತುವೆ ತರ ಎಡಕ್ಕೊಂದು ಬಲಕ್ಕೊಂದು ಗಿಡ್ಡ ಕಂಬ ಇರುತ್ತೆ, ಅದೇ ಪೆಡಿಕಲ್. ಸೂಜಿ ಈ ಕಂಬದ ಒಳಗಿಂದಾನೇ ತೂರಿಕೊಂಡು ಮುಂದಕ್ಕೆ ಹೋಗುತ್ತೆ, ಸುತ್ತ ಮೂಳೆ ಗೋಡೆ, ಹುರಿ ಗೋಡೆಯಾಚೆ. ಸೊಂಟದ ಕೊನೇ ಮಣೀಲಿ ಕಂಬ 15 ಮಿಲಿಮೀಟರಿಗಿಂತ ಅಗಲ ಇರುತ್ತೆ, ಆರಾಮು. ಎದೆ ನಡುಭಾಗದಲ್ಲಿ 5 ಮಿಲಿಮೀಟರ್ ಆಸುಪಾಸು ಅಷ್ಟೇ, 11 ಗೇಜ್ ಸೂಜಿಯೇ 3 ಮಿಲಿಮೀಟರ್ ದಪ್ಪ (ಗೇಜ್ ನಂಬರ್ ಏರಿದಷ್ಟೂ ಸೂಜಿ ಸಣ್ಣ, ಈ ಉಲ್ಟಾ ಲೆಕ್ಕ ಯಾರು ಮಾಡಿದ್ರೋ), ಹಾಗಾಗಿ ಅಲ್ಲಿ ಪಕ್ಕೆಲುಬಿಗೂ ಮಣಿಗೂ ನಡುವಿನ ಸಂದಿಯಿಂದ ಹೋಗೋದೂ ಉಂಟು, ಆಗ ಶ್ವಾಸಕೋಶಕ್ಕೆ ತಾಗದ ಹಾಗೆ ನೋಡ್ಕೋಬೇಕು.

1935ರಲ್ಲೇ ರಾಬರ್ಟ್‌ಸನ್ ಮತ್ತು ಬಾಲ್ ಅನ್ನೋರು ಬೆನ್ನುಮೂಳೆ ಸೂಜಿ ಬಯಾಪ್ಸಿ ಬಗ್ಗೆ ಬರೆದಿದ್ರು, ಈಗ ಸೂಜಿಗೆ ದಾರಿ ತೋರಿಸೋ ಸಿಟಿ ಸ್ಕ್ಯಾನ್ ರೋಗಿಯೊಬ್ರಿಗೆ ಮೊದಲು ಆಗಿದ್ದು 1971ರಲ್ಲಿ. ಅವರ ಧೈರ್ಯ ನೋಡಿ!

ಈಗ ಬೋರಲು ಮಲಗಿಸಿ, ಸ್ಕ್ಯಾನ್ ಮಾಡಿ, ಚರ್ಮದ ಮೇಲೆ ಗುರುತು ಹಾಕಿ ಮರಗಟ್ಟೋ ಇಂಜೆಕ್ಷನ್ ಕೊಡ್ತಾರೆ. ಮೂಳೆ ಮೇಲಿನ ಪೊರೆಗೇ ನೋವು ಜಾಸ್ತಿ, ಅದಕ್ಕೇ ಔಷಧಿನ ಅಲ್ಲೀವರೆಗೂ ಇಳಿಸ್ತಾರೆ. ಆಮೇಲೆ ಸೂಜಿ ಒಂಚೂರು ತೂರಿಸೋದು, ನಿಲ್ಸೋದು, ಮತ್ತೆ ಸ್ಕ್ಯಾನ್, ಪರದೆ ಮೇಲೆ ಸೂಜಿ ಬೆಳ್ಳಗೆ ಗೆರೆ ತರ ಕಾಣುತ್ತೆ, ವಾರೆ ಆಗಿದ್ರೆ ತಿದ್ದಿ ಮತ್ತೆ ಮುಂದಕ್ಕೆ. ಮೂಳೆ ಗಟ್ಟಿ ಇದ್ರೆ ಸಣ್ಣ ಸುತ್ತಿಗೇಲಿ ತಟ್ತಾರೆ, ಎಚ್ಚರ ಇರೋ ಪೇಷಂಟಿಗೆ ಆ ಟಕ್ ಟಕ್ ಕೇಳುತ್ತೆ, ಇದನ್ನ ಮೊದಲೇ ಹೇಳಿದ್ರೆ ಒಳ್ಳೇದು ಅನ್ಸುತ್ತೆ ನನಗೆ. ಕೊನೆಗೆ ಸಿಗೋದು ಪೆನ್ಸಿಲ್ ಕಡ್ಡಿಯಷ್ಟು ಕೆಂಪು ಚೂರು.

ನನ್ನ ಕೇಳಿದ್ರೆ ಇಷ್ಟೆಲ್ಲಾ ಮಾಡಿ ಎಡವೋ ಜಾಗ ಆ ಚೂರು ಹಾಕೋ ಬಾಟ್ಲಿ. ಮೈಕ್ರೋಸ್ಕೋಪಲ್ಲಿ ನೋಡೋಕೆ ಪ್ಯಾಥಾಲಜಿಗೆ ಹೋಗೋದು, ಕೊಳೀದ ಹಾಗೆ ಕಾಪಾಡೋ ಫಾರ್ಮಲಿನ್‌ಗೆ, ಸರಿ. ಎಲ್ಲಾನೂ ಅದಕ್ಕೇ ಹಾಕಿಬಿಟ್ರೆ ಬ್ಯಾಕ್ಟೀರಿಯಾ ಅಲ್ಲೇ ಸತ್ತೋಗುತ್ತೆ, ಅದನ್ನ ಬೆಳೆಸಿ ನೋಡೋ ಕಲ್ಚರ್‌ನಲ್ಲಿ ಏನೂ ಬೆಳಿಯಲ್ಲ, ಅದಕ್ಕೇ ಒಂದು ಭಾಗ ಫಾರ್ಮಲಿನ್ ಇಲ್ಲದ ಸ್ಟೆರೈಲ್ ಡಬ್ಬೀಲಿ ಬೇರೆ ಹೋಗ್ಬೇಕು. ಮೊದಲೇ ಆಂಟಿಬಯಾಟಿಕ್ ಶುರು ಮಾಡಿದ್ರೂ ಹೀಗೇ ಕೈ ಕೊಡುತ್ತೆ. ಇನ್ನು ಪ್ಯಾಥಾಲಜಿ ಚೂರನ್ನ ಆಸಿಡ್‌ನಲ್ಲಿ ನೆನೆಸಿ, ಸುಣ್ಣದಂಶ ಕರಗಿ ಮೆತ್ತಗಾದ ಮೇಲೇ ಕೊಯ್ಯೋಕಾಗೋದು. ಟಿಬಿಗೆ ಜೀನ್ ಟೆಸ್ಟ್ ಮೆಷೀನು 2 ಗಂಟೇಲಿ ಉತ್ತರ ಕೊಡುತ್ತೆ, ಕಲ್ಚರ್ ಮಾತ್ರ 6 ವಾರ ಇಟ್ಟು ನೋಡಿದ ಮೇಲೇ ಏನೂ ಬೆಳೀಲಿಲ್ಲ ಅಂತ ಬರೆಯೋದು.