ಪದ ಪರಿಚಯ: ಕ್ರಿಯಾಶೀಲ ಲೋಹ

ಅಡಿಕೆಗೆ ಮದ್ದು ಬಿಡುವ ಮೊದಲು ಕಾಸರಗೋಡಿನ ತೋಟಗಳಲ್ಲಿ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣಕ್ಕೆ ಚೂರಿ ಅದ್ದಿ ನೋಡುವುದುಂಟು. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಕಬ್ಬಿಣ ತಾನು ಕರಗಿ, ಮೈಲುತುತ್ತಿನ ತಾಮ್ರವನ್ನು ಹೊರದಬ್ಬಿರುತ್ತದೆ. ಹೀಗೆ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಸಂಯುಕ್ತವಾಗಿಬಿಡುವ ಆತುರ ಹೆಚ್ಚಿರುವುದೇ ಕ್ರಿಯಾಶೀಲ ಲೋಹ. ಪೊಟ್ಯಾಸಿಯಂ, ಸೋಡಿಯಂ, ಲಿಥಿಯಂ, ಕ್ಯಾಲ್ಸಿಯಂ, ಲೋಹಗಳನ್ನು ಈ ಆತುರದ ಕ್ರಮದಲ್ಲಿ ಜೋಡಿಸಿದ ಸರಣಿಯ ಮೇಲ್ತುದಿಯವು.

ಸಂಯುಕ್ತದಿಂದ ಇವನ್ನು ಬಿಡಿಸುವುದೇ ಕಷ್ಟ. 1807ರಲ್ಲಿ ಹಂಫ್ರಿ ಡೇವಿ ವಿದ್ಯುತ್ ಹರಿಸಿ ಪೊಟ್ಯಾಸಿಯಂ, ಸೋಡಿಯಂ ಎರಡನ್ನೂ ಬೇರ್ಪಡಿಸಿದ. ಅದನ್ನು ಓದಿ ಮನೆಯಲ್ಲಿ ಉಪ್ಪುನೀರಿಗೆ ಬ್ಯಾಟರಿ ಜೋಡಿಸಿದರೆ ಸೋಡಿಯಂ ಒಂದು ಚೂರೂ ಸಿಗದು. ಬ್ಯಾಟರಿಯ ಋಣ ತುದಿಗೆ ಜೋಡಿಸಿದ ಕ್ಯಾಥೋಡಿನಲ್ಲಿ ನೀರೇ ಮೊದಲು ಒಡೆದು ಹೈಡ್ರೋಜನ್ ಬರುತ್ತದೆ, ಧನ ತುದಿಯ ಆನೋಡಿನಲ್ಲಿ ಕ್ಲೋರಿನ್. ನೀರಿಲ್ಲದೆ ಉಪ್ಪನ್ನೇ ಕರಗಿಸಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಕರಗಿದ ಉಪ್ಪಿಗೆ ವಿದ್ಯುತ್ ಹರಿಸುವ ಕಾರ್ಖಾನೆಯ ಡೌನ್ಸ್ ಕೋಶದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ ಇದನ್ನು ಸುಮಾರು 600ಕ್ಕೆ ಇಳಿಸುತ್ತಾರೆ. ಆ ಬಿಸಿಯಲ್ಲಿ ಸೋಡಿಯಂ ದ್ರವವಾಗಿ ಮೇಲೆ ತೇಲುತ್ತದೆ, ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಕ್ಲೋರಿನ್ ಗಾಳಿಗಿಂತ ಭಾರ, ಕೋಣೆಯ ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಎರಡನ್ನೂ ಬೇರೆಯಾಗಿಡುವ ಕಬ್ಬಿಣದ ಜಾಲರಿ, ಅನಿಲ ಹಿಡಿಯುವ ಗೋಪುರ ಮನೆಯ ಮೂಸೆಯಲ್ಲಿ ಎಲ್ಲಿಂದ ಬರಬೇಕು?

ಸೋಡಿಯಂನದೇ ಕ್ಷಾರವಾದ ಕಾಸ್ಟಿಕ್ ಸೋಡಾ 318 ಡಿಗ್ರಿಗೇ ಕರಗುವುದರಿಂದ ಸುಲಭ ಅನ್ನಿಸುತ್ತದೆ. ನಿಜವಾದ ಮೋಸ ಇಲ್ಲೇ. ಆಟಿಯ ಮಳೆಗೆ ಡಬ್ಬದ ಮುಚ್ಚಳ ತೆರೆದಿಟ್ಟರೆ ಅದು ಗಾಳಿಯ ತೇವ ಹೀರಿ ನೀರೊಡೆಯುತ್ತದೆ. ಅದನ್ನು ಒಣಗಿಸಿ ತೆಗೆದುಕೊಂಡರೂ ವಿದ್ಯುತ್ ಹರಿದಾಗ ಆನೋಡಿನಲ್ಲಿ ಆಮ್ಲಜನಕದ ಜೊತೆ ನೀರೂ ಹುಟ್ಟುತ್ತದೆ. ಆ ನೀರು ಸೋಡಿಯಂ ಮುಟ್ಟಿದರೆ ಹೈಡ್ರೋಜನ್, ಹೈಡ್ರೋಜನ್ನಿಗೆ ಆಮ್ಲಜನಕ ಸೇರಿದರೆ ಸ್ಫೋಟ. ಸಿಡಿಯುವುದು ಕುದಿಯುವ ಎಣ್ಣೆಗಿಂತ ಬಿಸಿಯಾದ ಕ್ಷಾರ.

ಲೋಹ ಸಿಕ್ಕ ಮೇಲೂ ಕಾಟ ತಪ್ಪದು. ಗಾಳಿ ತಾಗದಂತೆ ಸೀಮೆಎಣ್ಣೆಯಲ್ಲಿಟ್ಟರೆ ಸೋಡಿಯಂ ಮುಳುಗಿರುತ್ತದೆ, ಲಿಥಿಯಂ ಅದರ ಮೇಲೇ ತೇಲುತ್ತದೆ. ಹಳೆಯ ಪೊಟ್ಯಾಸಿಯಂ ಮೇಲೆ ಹಳದಿ ಪೊರೆ ಕಟ್ಟಿದ್ದರೆ ಅದು ಆಮ್ಲಜನಕ ಹೆಚ್ಚಾಗಿ ಸೇರಿದ ಸಂಯುಕ್ತ, ಸೂಪರ್‌ಆಕ್ಸೈಡ್. ಚಾಕು ಹಾಕಿದರೆ ಸಿಡಿಯಬಹುದು.

ಸೋಡಿಯಂಗೆ ಬೆಂಕಿ ಹತ್ತಿದರೆ ನೀರೂ ಬೇಡ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಬೇಡ. ಒಣ ಉಪ್ಪು ಇಲ್ಲವೇ ಒಣ ಹೊಯ್ಗೆ (ಮರಳು) ಸುರಿಯಬೇಕು; ಅಂಗಳದ ಹಸಿ ಹೊಯ್ಗೆ ಸುರಿದರೆ ನೀರು ಸುರಿದ ಹಾಗೆಯೇ. ಚರ್ಮಕ್ಕೆ ಲೋಹದ ಚೂರು ಅಂಟಿದ್ದರೆ ಮೊದಲು ಒಣ ಚಿಮಟದಿಂದ ತೆಗೆದು, ಆಮೇಲೆ ಧಾರಾಳ ನೀರು ಬಿಡಬೇಕು. ಕಣ್ಣಿಗೆ ಕ್ಷಾರ ಬಿದ್ದರೆ ಕಾಯದೆ ಕನಿಷ್ಠ 20 ನಿಮಿಷ ನೀರಲ್ಲಿ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.