ಪೊಲೀಸ್ ಚೀಟಿ ಇಲ್ಲದೆ ಆಸ್ಪತ್ರೆಯಲ್ಲಿ ನೋಡ್ತಾರಾ?

ಪ್ರಶ್ನೆ: ಮೇಡಂ, ನನ್ನ ಗೆಳತಿಯ ಮೇಲೆ ನಿನ್ನೆ ರಾತ್ರಿ ಒಬ್ಬ ಬಲಾತ್ಕಾರ ಮಾಡಿದ್ದಾನೆ. ಅವಳಿಗೆ ಸ್ಟೇಷನ್ ಅಂದರೆ ಭಯ. ಕಂಪ್ಲೇಂಟ್ ಕೊಡದೆ ನೇರವಾಗಿ ಆಸ್ಪತ್ರೆಗೆ ಹೋದರೆ ನೋಡ್ತಾರಾ? ಅಥವಾ ಪೊಲೀಸ್ ಲೆಟರ್ ತನ್ನಿ ಅಂತ ವಾಪಸ್ ಕಳಿಸ್ತಾರಾ?

ನೋಡಲೇಬೇಕು. ಸರ್ಕಾರಿ ಆಸ್ಪತ್ರೆಯಾದರೂ ಸರಿ, ಖಾಸಗಿ ಆಸ್ಪತ್ರೆಯಾದರೂ ಸರಿ. ತಕ್ಷಣ ನೋಡಬೇಕು, ಒಂದು ರೂಪಾಯಿ ತಗೊಳ್ಳದೆ ನೋಡಬೇಕು. ಲೆಟರ್ ಬೇಡ, ಎಫ್‌ಐಆರ್ ಬೇಡ, ಜೊತೆಗೆ ಕಾನ್‌ಸ್ಟೆಬಲ್ ಬರಬೇಕಾಗಿಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಇವತ್ತೇ ಬೇಕಾದ ಉತ್ತರ ಇದಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಮೊದಲು ಆಸ್ಪತ್ರೆಗೆ ಹೊರಡಿ. ಉಳಿದದ್ದನ್ನು ಆಮೇಲೆ ಓದಬಹುದು.

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಮೆಲ್ಲಗೆ ಕೇಳಿದ್ದಾರೆ. ರಾತ್ರಿ 11 ಗಂಟೆಗೆ ಫೋನ್ ಮಾಡಿ ಕೇಳಿದ್ದಾರೆ. ಓದಿದವರು, ಕೆಲಸದಲ್ಲಿರುವವರು, ಕೆಲವು ಸಲ ಆಸ್ಪತ್ರೆಯವರೇ ಕೇಳಿದ್ದಾರೆ. ಅದೇ ನನಗೆ ಜಾಸ್ತಿ ಬೇಸರ. ನಾನು 22 ವರ್ಷ ಕ್ಯಾಶುಯಾಲಿಟಿಯಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಈಗ ನರ್ಸಿಂಗ್ ಓದುವ ಹುಡುಗಿಯರಿಗೆ ಪಾಠ ಮಾಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಮೊದಲ ದಿನ ಒಬ್ಬಳಾದರೂ ಎದ್ದು ಹೇಳುತ್ತಾಳೆ: "ಮೇಡಂ, ಅದು ಎಂಎಲ್‌ಸಿ (ಕಾನೂನಿಗೂ ಸಂಬಂಧಪಟ್ಟ ವೈದ್ಯಕೀಯ) ಕೇಸ್ ಅಲ್ವಾ, ಪೊಲೀಸರು ಬರೋವರೆಗೂ ಮುಟ್ಟೋ ಹಾಗಿಲ್ಲ."

ಈ ಮಾತು ಎಲ್ಲಿಂದ ಬಂತು? ಯಾವ ಕಾನೂನಿನಲ್ಲೂ ಇಲ್ಲ. ಬಾಯಿಂದ ಬಾಯಿಗೆ ಬಂದದ್ದು. ಹಿಂದೆ ಬಹಳ ಆಸ್ಪತ್ರೆಗಳಲ್ಲಿ ಪೊಲೀಸರು ಪತ್ರ ಕೊಟ್ಟು ಕರೆತಂದವರನ್ನು ಮಾತ್ರ ಪರೀಕ್ಷೆ ಮಾಡುವ ರೂಢಿ ಇತ್ತು. ಸೀನಿಯರ್ ಜೂನಿಯರ್‌ಗೆ ಹೇಳಿಕೊಟ್ಟರು. ಜೂನಿಯರ್ ಸೀನಿಯರ್ ಆದಮೇಲೆ ಅದನ್ನೇ ಮುಂದೆ ಹೇಳಿದರು. ರೂಢಿ ಹೀಗೆ ಕಾನೂನಿನ ವೇಷ ಹಾಕಿಕೊಂಡಿತು.

ಇದನ್ನು ತಪ್ಪು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2000ರಲ್ಲಿ. ಅದೂ ನಮ್ಮ ಕರ್ನಾಟಕ ಸರ್ಕಾರವೇ ಕಕ್ಷಿಯಾಗಿದ್ದ ಪ್ರಕರಣದಲ್ಲಿ. ಪೊಲೀಸರು ಕಳಿಸಿಲ್ಲ ಎಂಬ ಕಾರಣಕ್ಕೆ ಕೆಲವು ಸರ್ಕಾರಿ ವೈದ್ಯರು ಪರೀಕ್ಷೆ ಮಾಡಲು ಒಪ್ಪುವುದಿಲ್ಲ, ಆಸ್ಪತ್ರೆಗಳೇ ಅಪರೂಪವಾಗಿರುವ ಹಳ್ಳಿಗಳ ಕಡೆ ಇದು ಜಾಸ್ತಿ, ಹೀಗೆ ತಡವಾದಷ್ಟೂ ಸಾಕ್ಷ್ಯ ತೊಳೆದುಹೋಗುತ್ತದೆ, ಇನ್ನು ಮುಂದೆ ಇಂಥದ್ದು ಆಗದಂತೆ ಸರ್ಕಾರ ನೋಡಿಕೊಳ್ಳಬೇಕು ಎಂದು ಕೋರ್ಟ್ ತನ್ನ ಅಸಮಾಧಾನವನ್ನು ದಾಖಲಿಸಿತು. ನಮ್ಮದೇ ರಾಜ್ಯದ ಕೇಸು. ಕಾಲು ಶತಮಾನ ಕಳೆಯಿತು. ಇನ್ನೂ "ಲೆಟರ್ ಎಲ್ಲಿ?" ಎಂದು ಕೇಳುತ್ತಾರೆ ಅಂದರೆ ಹೇಗಾಗಬೇಡ?

ಆಮೇಲೆ 2013ರಲ್ಲಿ ಕಾನೂನೇ ಬಂತು. ಅತ್ಯಾಚಾರ ಅಥವಾ ಆಸಿಡ್ ದಾಳಿಗೆ ಒಳಗಾದವರಿಗೆ ಎಲ್ಲ ಆಸ್ಪತ್ರೆಗಳೂ ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಕೊಡದಿದ್ದರೆ ಆಸ್ಪತ್ರೆ ನಡೆಸುವವರಿಗೆ 1 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದ ಮೇಲೂ ಇದು ಹಾಗೇ ಇದೆ. ನಂಬರ್ ಬೇಕಾದವರು ಬರೆದುಕೊಳ್ಳಿ: ಚಿಕಿತ್ಸೆಯ ಹೊಣೆ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ, ಶಿಕ್ಷೆ ನ್ಯಾಯ ಸಂಹಿತೆಯ 200ನೇ ಕಲಂ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾನೂನಿನ ಕೆಳಗೆ ಬರುವ ಮಕ್ಕಳ ಹೆಸರನ್ನೂ ಹೊಸದರಲ್ಲಿ ಸೇರಿಸಿದ್ದಾರೆ. ಮಕ್ಕಳ ವಿಷಯದಲ್ಲಂತೂ ಎಫ್‌ಐಆರ್ ಆಗಿರದಿದ್ದರೂ ಪರೀಕ್ಷೆ ಮಾಡಬೇಕು ಎಂದು ಪೋಕ್ಸೋದ 27ನೇ ಕಲಂ ಬಿಡಿಸಿಯೇ ಹೇಳುತ್ತದೆ. ಕೇಂದ್ರ ಆರೋಗ್ಯ ಇಲಾಖೆ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಆಸ್ಪತ್ರೆಗೆ ಬರಲು ಮೂರು ದಾರಿ. ತಾನಾಗಿಯೇ ಬರಬಹುದು, ಪೊಲೀಸರು ಕಳಿಸಿ ಬರಬಹುದು, ಕೋರ್ಟ್ ಹೇಳಿ ಬರಬಹುದು. ಮೂರಕ್ಕೂ ಒಂದೇ ಬೆಲೆ.

ಗೊಂದಲ ಆಗುವುದು ಒಂದು ಜಾಗದಲ್ಲಿ, ಅದನ್ನು ಬಿಡಿಸಿ ಹೇಳುತ್ತೇನೆ. ಚಿಕಿತ್ಸೆ ಬೇರೆ. ಸಾಕ್ಷ್ಯಕ್ಕಾಗಿ ಮಾಡುವ ಪರೀಕ್ಷೆ ಬೇರೆ. ಪೊಲೀಸರಿಗೆ ಸುದ್ದಿ ಮುಟ್ಟಿಸುವುದು ಬೇರೆ. ಕಂಪ್ಲೇಂಟ್ ಕೊಡುವುದು ಇನ್ನೂ ಬೇರೆ. ನಾಲ್ಕನ್ನೂ ಒಂದೇ ಗಂಟು ಕಟ್ಟಿಬಿಡುತ್ತಾರೆ. ಸುದ್ದಿ ಮುಟ್ಟಿಸುವುದು ಆಸ್ಪತ್ರೆಯ ಕರ್ತವ್ಯ, ಅದನ್ನು ಅವರು ಮಾಡುತ್ತಾರೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಗೊತ್ತಿಲ್ಲದೆ ಹೋಗಿ, ಪೊಲೀಸರನ್ನು ಕಂಡು ಗಾಬರಿ ಆಗಬಾರದಲ್ವಾ? ಆದರೆ ಪೊಲೀಸರು ಬಂದ ಮಾತ್ರಕ್ಕೆ 18 ದಾಟಿದ ಹೆಣ್ಣುಮಗಳು ಕಂಪ್ಲೇಂಟ್ ಕೊಡಲೇಬೇಕು ಅಂತಿಲ್ಲ. "ನನಗೆ ಈಗ ಬೇಡ" ಎನ್ನಬಹುದು. ಹಾಗೆಂದದ್ದನ್ನು ಡಾಕ್ಟರ್ ಬರೆದುಕೊಳ್ಳಬೇಕು. ಚಿಕಿತ್ಸೆ ನಿಲ್ಲಿಸಬಾರದು. ಒಳಗೆ ಪರೀಕ್ಷೆ ನಡೆಯುವಾಗ ಪೊಲೀಸರು ಕೋಣೆಯಲ್ಲಿ ಇರುವಂತಿಲ್ಲ. ಅವಳು ನಂಬುವ ಒಬ್ಬರು ಜೊತೆಗಿರಬಹುದು. 18ರ ಕೆಳಗಿನವರಾದರೆ ಮಾತ್ರ ಬೇಡ ಎನ್ನುವ ಈ ಆಯ್ಕೆ ಇಲ್ಲ, ಪೊಲೀಸರಿಗೆ ವರದಿ ಆಗಲೇಬೇಕು.

ಪರೀಕ್ಷೆಗೂ ಅವಳ ಒಪ್ಪಿಗೆ ಬೇಕು. 12 ವರ್ಷದ ಕೆಳಗಿನ ಮಗುವಾದರೆ ತಂದೆ ತಾಯಿಯ ಅಥವಾ ಪೋಷಕರ ಒಪ್ಪಿಗೆ. ರಕ್ತ ಕೊಡುತ್ತೇನೆ, ಒಳಪರೀಕ್ಷೆ ಬೇಡ ಎಂದರೂ ನಡೆಯುತ್ತದೆ. ಅರ್ಧಕ್ಕೆ ನಿಲ್ಲಿಸಿ ಎಂದರೂ ನಿಲ್ಲಿಸಬೇಕು. ಇನ್ನು ಯೋನಿಯೊಳಗೆ ಬೆರಳು ಹಾಕಿ ನೋಡುವ ಆ ಎರಡು ಬೆರಳಿನ ಪರೀಕ್ಷೆಯ ಭಯ ಬಹಳ ಜನಕ್ಕೆ ಇದೆ. ಅದನ್ನು 2014ರ ಮಾರ್ಗಸೂಚಿ ಬೇಡವೆಂದಿತು. ಅದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಯಾರಾದರೂ ಆ ಮಾತೆತ್ತಿದರೆ ಬೇಡ ಎನ್ನಿ.

ಲೆಟರ್ ಕೇಳಿ ವಾಪಸ್ ಕಳಿಸುವುದರಿಂದ ಏನಾಗುತ್ತದೆ ಅಂತ ಕೇಳುವವರಿಗೆ ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಗುರುತು ಸಿಗುವಂಥದ್ದೆಲ್ಲ ಬಿಟ್ಟು ಹೇಳುತ್ತೇನೆ. ಸುಮಾರು ಎರಡೂವರೆ ಗಂಟೆಗೆ ಒಬ್ಬ ಹುಡುಗಿ, ಜೊತೆಗೆ ಅವಳ ಚಿಕ್ಕಮ್ಮ. ಚಿಕ್ಕಮ್ಮನ ಕೈಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಕವರ್. ಹಿಂದಿನ ದಿನ ಬೆಳಿಗ್ಗೆ ಒಂದು ಆಸ್ಪತ್ರೆಗೆ ಹೋಗಿದ್ದಾರೆ. ಲೆಟರ್ ತನ್ನಿ ಎಂದರಂತೆ. ಸ್ಟೇಷನ್ನಿನಲ್ಲಿ ಸಾಹೇಬರು ಬರಲಿ ಎಂದು ಸಂಜೆವರೆಗೆ ಕೂರಿಸಿದರಂತೆ. ಅಷ್ಟು ಹೊತ್ತೂ ಆ ಹುಡುಗಿ ಸರಿಯಾಗಿ ನೀರೂ ಕುಡಿದಿಲ್ಲ, ಬಾತ್‌ರೂಮಿಗೆ ಹೋದರೆ ತಪ್ಪಾಗುತ್ತದೇನೋ ಎಂದು. ಕವರ್ ಬಿಚ್ಚಿದೆ. ಒದ್ದೆ ಬಟ್ಟೆ ಅಷ್ಟು ಹೊತ್ತು ಒಳಗೇ ಬೆವೆತು ಮುಗ್ಗಲು ವಾಸನೆ ಬಂದಿತ್ತು. ಚಿಕ್ಕಮ್ಮ "ಚೆನ್ನಾಗಿ ಕಟ್ಟಿ ಇಟ್ಟಿದ್ದೀನಿ ಸಿಸ್ಟರ್, ಯಾರೂ ಮುಟ್ಟಿಲ್ಲ" ಅಂದರು. ನಾನು ಏನೂ ಹೇಳಲಿಲ್ಲ. ಅವರು ತಮಗೆ ತಿಳಿದಷ್ಟು ಜೋಪಾನ ಮಾಡಿದ್ದರು. ತಿಳಿದಿರಬೇಕಾದವರು ಬೆಳಿಗ್ಗೆಯೇ ಕೈತೊಳೆದುಕೊಂಡಿದ್ದರು.

ಮೈಗೆ ಗಡಿಯಾರ ಇದೆ. ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ 72 ಗಂಟೆಯೊಳಗೆ ತೆಗೆದುಕೊಂಡರೆ ಒಳ್ಳೆಯದು. ಆಮೇಲೆ ಅದರ ಬಲ ಕಡಿಮೆ, ಆದರೂ 5 ದಿನದವರೆಗೆ ಕೇಳಿ ನೋಡಬಹುದು. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಲೇಬೇಕು. ಮೊದಲ ಕೆಲವು ಗಂಟೆಯಲ್ಲೇ ಆದರೆ ಇನ್ನೂ ಒಳ್ಳೆಯದು. ಒಟ್ಟು 28 ದಿನ, ಒಂದು ದಿನವೂ ತಪ್ಪಿಸದೆ. ಹೆಪಟೈಟಿಸ್ ಬಿ ಲಸಿಕೆ, ಗಾಯ ಇದ್ದರೆ ಟಿಟಿ. ಸಾಕ್ಷ್ಯಕ್ಕಾಗಿ ಸ್ವಾಬ್ ತೆಗೆಯಲು ಮಾರ್ಗಸೂಚಿ ಕೊಡುವ ಸಮಯ 96 ಗಂಟೆ, ಅಂದರೆ 4 ದಿನ. ಕುಡಿಯುವುದರಲ್ಲಿ ಏನೋ ಬೆರೆಸಿದ್ದರು ಎಂಬ ಅನುಮಾನ ಇದ್ದರೆ ಮೂತ್ರದ ಸ್ಯಾಂಪಲ್ ಆದಷ್ಟು ಬೇಗ ಕೊಡಬೇಕು. ಸ್ನಾನ ಆಗಿಹೋಗಿದ್ದರೂ ಬನ್ನಿ, ಎಲ್ಲವೂ ತೊಳೆದುಹೋಗಿರುವುದಿಲ್ಲ. 4 ದಿನ ದಾಟಿದ್ದರೂ ಬನ್ನಿ, ಚಿಕಿತ್ಸೆಗೆ ಕೊನೇ ದಿನ ಅಂತ ಇಲ್ಲ. ಮೈಮೇಲೆ ಗಾಯ ಇಲ್ಲದಿದ್ದರೂ ಬನ್ನಿ. ಭಯಕ್ಕೆ ಕೈಕಾಲು ಆಡದೆ ಹೋದವರ ಮೈಮೇಲೆ ಗಾಯ ಎಲ್ಲಿಂದ ಬರಬೇಕು? ಎದುರಿಸಿ ಹೊಡೆದಾಡಲಿಲ್ಲ ಎಂದ ಮಾತ್ರಕ್ಕೆ ಒಪ್ಪಿದಳು ಎಂದು ತಿಳಿಯಬಾರದೆಂದು ಕಾನೂನಿನಲ್ಲೇ ಬರೆದಿದೆ.

ಲೇಡಿ ಡಾಕ್ಟರ್ ನಾಳೆ ಬರುತ್ತಾರೆ, ಆಗ ಬನ್ನಿ ಎನ್ನುವುದೂ ಇದೇ ಜಾತಿಯ ನೆಪ. ಹೆಣ್ಣುಮಕ್ಕಳಿಗೆ ಮಹಿಳಾ ವೈದ್ಯರೇ ಇರಬೇಕೆಂದು ಪೋಕ್ಸೋ ಹೇಳುವುದು ನಿಜ. ದೊಡ್ಡವರ ವಿಷಯದಲ್ಲೂ ಮಹಿಳಾ ವೈದ್ಯರನ್ನು ಕರೆಸಲು ಪ್ರಯತ್ನ ಮಾಡಬೇಕು. ಆದರೆ ಅವರಿಲ್ಲ ಎಂದು ಕಾಯಿಸುವಂತಿಲ್ಲ. ಅವಳು ಒಪ್ಪಿದರೆ, ಇನ್ನೊಬ್ಬ ಹೆಂಗಸು ಜೊತೆಗಿದ್ದು, ಡ್ಯೂಟಿಯಲ್ಲಿರುವ ಡಾಕ್ಟರೇ ನೋಡಬಹುದು.

ಬಟ್ಟೆಯ ವಿಷಯ ಬಂತಲ್ಲ, ಅದನ್ನು ಹೇಳದೆ ಮುಂದೆ ಹೋದರೆ ನನಗೆ ಸಮಾಧಾನ ಆಗುವುದಿಲ್ಲ. ಕ್ಲಾಸಿನಲ್ಲಿ ನಾನು ಎರಡು ಕರ್ಚೀಫನ್ನು ನೀರಲ್ಲಿ ನೆನೆಸಿ ಹಿಂಡುತ್ತೇನೆ. ಒಂದನ್ನು ಹಾಗೇ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟುತ್ತೇನೆ. ಇನ್ನೊಂದನ್ನು ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕುತ್ತೇನೆ. ನಾಲ್ಕು ದಿನ ಬಿಟ್ಟು ಹುಡುಗಿಯರ ಕೈಯಿಂದಲೇ ಬಿಚ್ಚಿಸುತ್ತೇನೆ. ಮೂಗು ಮುಚ್ಚಿಕೊಂಡ ಮೇಲೆ ಯಾರಿಗೂ ಪಾಠ ಮರೆಯುವುದಿಲ್ಲ. ತೇವ ಇದ್ದಲ್ಲಿ ಬೂಷ್ಟು ಬರುತ್ತದೆ, ಬೂಷ್ಟು ಬಂದಲ್ಲಿ ಡಿಎನ್‌ಎ ಕೆಡುತ್ತದೆ. ಆದ್ದರಿಂದ ತೊಟ್ಟಿದ್ದ ಬಟ್ಟೆ ಒಗೆಯಬೇಡಿ. ಒದ್ದೆ ಇದ್ದರೆ ಬಿಸಿಲಿಗೆ ಹಾಕದೆ ನೆರಳಲ್ಲಿ ಹರವಿ. ಒಂದೊಂದು ಬಟ್ಟೆಗೂ ಬೇರೆ ಬೇರೆ ಕಾಗದದ ಚೀಲ. ಮಡಚುವಾಗ ನಡುವೆ ಒಂದು ಹಾಳೆ ಇಡಿ, ಒಂದು ಕಡೆಯ ಕಲೆ ಇನ್ನೊಂದು ಕಡೆಗೆ ಅಂಟಬಾರದು. ಬಟ್ಟೆ ಅಂಗಡಿಯವರು ಕೊಡುವ ಕಾಗದದ ಚೀಲವಾದರೂ ಸಾಕು. ಆಸ್ಪತ್ರೆಯಲ್ಲಾದರೆ ಅವಳನ್ನು ದೊಡ್ಡ ಬಿಳಿ ಹಾಳೆಯ ಮೇಲೆ ನಿಲ್ಲಿಸಿ ಬಟ್ಟೆ ಬದಲಿಸಲು ಹೇಳುತ್ತೇವೆ. ಒಂದು ಕೂದಲೋ, ಮಣ್ಣಿನ ಕಣವೋ, ಹುಲ್ಲಿನ ಎಸಳೋ ಬಿದ್ದರೆ ಆ ಹಾಳೆಯಲ್ಲೇ ಸಿಗುತ್ತದೆ. ಅದನ್ನೂ ಮಡಚಿ, ಸೀಲ್ ಹಾಕಿ, ಹೆಸರು, ತಾರೀಖು, ಟೈಮ್, ಸಹಿ ಹಾಕಿ ಕೊಡುತ್ತೇವೆ. ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಈಗ ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಳೆ. ಅಲ್ಲಿ ಕಾಗದದ ಕವರ್ ಸಪ್ಲೈ ಇಲ್ಲವೆಂದು ಬಿಳಿ ಹಾಳೆ ತಂದು, ಮೈದಾ ಅಂಟಿನಿಂದ ತಾನೇ ಕವರ್ ಮಾಡಿ ಡ್ರಾಯರಿನಲ್ಲಿ ಇಟ್ಟಿದ್ದಾಳೆ. ಅವಳ ವಿಷಯ ಹೇಳುವಾಗ ನನಗೆ ಎದೆ ತುಂಬಿ ಬರುತ್ತದೆ.

ಈಗ ಯಾರೂ ಕೇಳದ ಒಂದು ಪ್ರಶ್ನೆಗೆ ಬರುತ್ತೇನೆ. ಗಂಡ ಹೊಡೆದದ್ದಕ್ಕೂ ಇದೆಲ್ಲ ಇದೆಯಾ?

ಇದೆ. ಕೌಟುಂಬಿಕ ದೌರ್ಜನ್ಯದ ಕಾನೂನು 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅದರ ಪ್ರಕಾರವೂ ಆಸ್ಪತ್ರೆಯವರು ಚಿಕಿತ್ಸೆ ಇಲ್ಲ ಎನ್ನುವಂತಿಲ್ಲ. ಮೊದಲೇ ಎಲ್ಲೋ ವರದಿ ಕೊಟ್ಟಿರಬೇಕು ಎಂಬ ಷರತ್ತೂ ಇಲ್ಲ. ವರದಿ ಆಗಿರದಿದ್ದರೆ ಆಸ್ಪತ್ರೆಯವರೇ ಅದರ ಫಾರಂ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ನಮ್ಮ ತಾಲ್ಲೂಕುಗಳಲ್ಲಿ ಆ ಕೆಲಸ ನೋಡುವವರು ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ನಿಮ್ಮ ಅಂಗನವಾಡಿ ಟೀಚರಿಗೆ ಅವರ ಆಫೀಸ್ ಎಲ್ಲಿದೆ ಅಂತ ಗೊತ್ತಿರುತ್ತದೆ. ವೈದ್ಯಕೀಯ ವರದಿಯ ಪ್ರತಿ ಅವಳಿಗೆ ಉಚಿತವಾಗಿ ಸಿಗಬೇಕು. ಗಂಡನ ಲೈಂಗಿಕ ಹಿಂಸೆಯೂ ಈ ಕಾನೂನಿನೊಳಗೆ ಬರುತ್ತದೆ. 181ಕ್ಕೆ ಫೋನ್ ಮಾಡಿದರೆ ಜಿಲ್ಲೆಯ ಸಖಿ ಕೇಂದ್ರದ ದಾರಿ ಹೇಳುತ್ತಾರೆ. ಅಲ್ಲಿ ಆಸ್ಪತ್ರೆ, ವಕೀಲರು, ಕೆಲವು ದಿನದ ಆಸರೆ, ಎಲ್ಲಕ್ಕೂ ಒಂದೇ ಕಡೆ ಸಹಾಯ ಸಿಗುತ್ತದೆ.

ಆದರೆ ಕ್ಯಾಶುಯಾಲಿಟಿಗೆ ಬಂದವರು ಏನು ಹೇಳುತ್ತಾರೆ? "ಬಚ್ಚಲಲ್ಲಿ ಜಾರಿ ಬಿದ್ದೆ." ಡಾಕ್ಟರ್ ಚೀಟಿಯಲ್ಲಿ ಅದನ್ನೇ ಬರೆಯುತ್ತಾರೆ. ಮುಂದೆ ಯಾವತ್ತೋ ಕೋರ್ಟಿಗೆ ಹೋದರೆ ಅದೇ ಸಾಲು ಎದುರಿಗೆ ಬಂದು ನಿಲ್ಲುತ್ತದೆ. ಜಾರಿ ಬಿದ್ದವರಿಗೆ ಸಾಮಾನ್ಯವಾಗಿ ಅಂಗೈ, ಮೊಣಕಾಲು, ಮೊಣಕೈ ತರಚಿರುತ್ತದೆ. ತೋಳಿನ ಒಳಬದಿಯಲ್ಲಿ ನಾಲ್ಕು ಬೆರಳಿನ ನೀಲಿ ಗುರುತು, ಹಳದಿಗೆ ತಿರುಗಿದ ಹಳೇ ಪೆಟ್ಟಿನ ಪಕ್ಕದಲ್ಲೇ ಹೊಸ ಪೆಟ್ಟು, ಇದು ಬಚ್ಚಲ ಕಲ್ಲಿನ ಕೆಲಸ ಅಲ್ಲ. ಅದಕ್ಕೇ ಹುಡುಗಿಯರಿಗೆ ಹೇಳುತ್ತೇನೆ: ಜೊತೆಗೆ ಬಂದ ಗಂಡನನ್ನು ಚೀಟಿ ಮಾಡಿಸಲು ಹೊರಗೆ ಕಳಿಸಿ, ಆಮೇಲೆ ಮೆಲ್ಲಗೆ ಕೇಳಿ. ಕತ್ತು ಹಿಸುಕಿದ್ದರೆ ಗುರುತು ಇರಲಿ ಬಿಡಲಿ, ಡಾಕ್ಟರಿಗೆ ಹೇಳಲೇಬೇಕು. ಧ್ವನಿ ಒಡೆದಿದ್ದರೆ, ನುಂಗಲು ನೋವಾದರೆ, ತಲೆ ಸುತ್ತಿದರೆ ಅದು ಪ್ರಾಣಕ್ಕೆ ಅಪಾಯದ ಸಂಗತಿ.

ಒಮ್ಮೆ ಜಾರಿ ಬಿದ್ದೆ ಎಂದವರು ಆಮೇಲೆ ನಿಜ ಹೇಳಬಹುದಾ? ಹೇಳಬಹುದು. ಹೊಲಿಗೆ ಬಿಚ್ಚಿಸಲು ಬಂದ ಒಬ್ಬ ಹೆಂಗಸು ಡ್ರೆಸ್ಸಿಂಗ್ ಟೇಬಲ್ಲಿನ ಮೇಲೆ ಮಲಗಿ, ಮುಖ ಗೋಡೆಯ ಕಡೆ ಮಾಡಿ ಹೇಳಿದರು: "ಸಿಸ್ಟರ್, ಅವತ್ತು ನಾನು ಬಿದ್ದಿರಲಿಲ್ಲ." ನಾನು ಕತ್ತರಿ ಟ್ರೇಯಲ್ಲಿಟ್ಟು ಡಾಕ್ಟರನ್ನು ಕರೆದೆ. ಅವರು ಹಳೇ ಸಾಲನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಆ ದಿನದ ತಾರೀಖು, ಟೈಮ್ ಹಾಕಿ, ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆದರು. ಓದಿ ಹೇಳಿದರು. ಆಕೆ ಇನ್ನೊಂದು ಸಲ ಓದಿ ಎಂದರು, ಓದಿದರು. ಪ್ರತಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡ ಮೇಲೆ ನಾನು ಉಳಿದ ಎರಡು ಹೊಲಿಗೆ ಬಿಚ್ಚಿದೆ.